ಅಂಕಿತ ಮತ್ತು ಗಡಿ: ವೇಮನ–ಸರ್ವಜ್ಞರ ನುಡಿಗಳು ಸಂಗ್ರಹಗೊಂಡ ಬಗೆ

ಕನ್ನಡದಲ್ಲಿ ‘ದೂರದ ಬೆಟ್ಟ ನುಣ್ಣಗೆ’ ಎನ್ನುತ್ತೇವೆ. ತೆಲುಗಿನಲ್ಲಿ ‘ದೂರಪು ಕೊಂಡಲು ನುನುಪು’ ಎನ್ನುತ್ತಾರೆ. ಅರ್ಥ ಒಂದೇ, ರೂಪಕ ಒಂದೇ. ಕೊನೆಯ ಪದವೂ ಸೋದರ ಪದವೇ. ಇವುಗಳಲ್ಲಿ ಮೂಲ ಯಾವುದು, ಅನುವಾದ ಯಾವುದು ಎಂಬ ಪ್ರಶ್ನೆ ಮಡಕಶಿರಾ, ರಾಯದುರ್ಗಗಳ ಸೀಮೆಯಲ್ಲಿ ಎರಡೂ ನುಡಿಗಳನ್ನಾಡುವವರಿಗೆ ಹೊಳೆಯುವುದೇ ಇಲ್ಲ. ಗಾದೆಗೆ ಕರ್ತೃವಿಲ್ಲದಿರುವುದರಿಂದ ಅದರ ಒಡೆತನವನ್ನು ಕುರಿತ ತಕರಾರೂ ಇಲ್ಲ. ಆದರೆ ಅದೇ ಬಗೆಯ ಲೋಕಾನುಭವದ ಮಾತಿಗೆ ಒಂದು ಅಂಕಿತ ಸೇರಿದೊಡನೆ ಅದು ಒಬ್ಬ ಕವಿಯ ಕೃತಿಯಾಗುತ್ತದೆ. ಕವಿಯ ಮೂಲಕ ಒಂದು ಭಾಷೆಯ ಸ್ವತ್ತಾಗುತ್ತದೆ. ವೇಮನ ಮತ್ತು ಸರ್ವಜ್ಞರ ನುಡಿಗಳು ಈ ಹಾದಿಯಲ್ಲಿ ಸಾಗಿದ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಇಬ್ಬರನ್ನೂ ಐರೋಪ್ಯ ಓದುಗರಿಗೆ ಒಟ್ಟಿಗೆ ಪರಿಚಯಿಸಿದವನು ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ. 1792ರಲ್ಲಿ ಭಾರತಕ್ಕೆ ಬಂದು, ಶ್ರೀರಂಗಪಟ್ಟಣದ ಪತನದ ಬಳಿಕ ಮೈಸೂರು ಸೀಮೆಯಲ್ಲಿ ದೀರ್ಘಕಾಲ ನೆಲೆಸಿ, 1823ರಲ್ಲಿ ಸ್ವದೇಶಕ್ಕೆ ಮರಳಿದ ಈತ, ಹಿಂದೂ ಆಚಾರ ವ್ಯವಹಾರಗಳನ್ನು ಕುರಿತ ತನ್ನ ಗ್ರಂಥದಲ್ಲಿ ತಿರುವಳ್ಳುವರ್, ವೇಮನ, ಸರ್ವಜ್ಞರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾನೆ. ಇವರು ಬ್ರಾಹ್ಮಣರಲ್ಲವೆಂಬುದನ್ನೂ ವೇಮನನ ಪದ್ಯಗಳು ತೆಲುಗಿನಿಂದ ಬೇರೆ ಭಾಷೆಗಳಿಗೆ ಹೋಗಿವೆಯೆಂಬುದನ್ನೂ ಗುರುತಿಸುತ್ತಾನೆ. ಅವನ ಸಾಮಾಜಿಕ ತೀರ್ಮಾನಗಳಲ್ಲಿ ಒಪ್ಪಲಾಗದವು ಬಹಳ ಇವೆ. ಆದರೆ ಇಲ್ಲಿ ಅವನ ವರ್ಗೀಕರಣದ ಆಧಾರ ಭಾಷೆಯಲ್ಲ, ಮಾತಿನ ಗುಣ ಎಂಬುದು ಗಮನಾರ್ಹ.

ಈ ಗ್ರಂಥದ ಉಲ್ಲೇಖವೇ ಕಂಪನಿಯ ಅಧಿಕಾರಿ ಚಾರ್ಲ್ಸ್ ಫಿಲಿಪ್ ಬ್ರೌನನನ್ನು ವೇಮನನತ್ತ ತಿರುಗಿಸಿತು. ಹಸ್ತಪ್ರತಿಗಳನ್ನು ತರಿಸಿ, ಹೋಲಿಸಿ, ಇಂಗ್ಲಿಷ್ ಅನುವಾದದೊಡನೆ ಆತ 1829ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ 693 ಪದ್ಯಗಳಿದ್ದವು. 1839ರ ಆವೃತ್ತಿಯಲ್ಲಿ ಅವು 1,164 ಆದವು. ಸರ್ವಜ್ಞನಿಗೆ ಅಂಥ ಸಂಪಾದಕ ದೊರೆಯಲು ಸುಮಾರು ಒಂದು ಶತಮಾನ ಹಿಡಿಯಿತು. ಬಾಸೆಲ್ ಮಿಷನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪನವರು ಓಲೆಗರಿಗಳಿಂದಲೂ ಜನರ ಬಾಯಿಂದಲೂ ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಕಂಪನಿಯ ಅಧಿಕಾರಿಯೊಬ್ಬ, ಕ್ರೈಸ್ತ ಬೋಧಕರೊಬ್ಬರು: ಎರಡು ಭಾಷೆಗಳ ಅತ್ಯಂತ ಜನಪ್ರಿಯ ನೀತಿಕವಿಗಳನ್ನು ಗ್ರಂಥಸ್ಥಗೊಳಿಸುವ ಕೆಲಸವನ್ನು ಪಂಡಿತ ಪರಂಪರೆಯ ಹೊರಗಿನವರು ಕೈಗೆತ್ತಿಕೊಂಡದ್ದು ಆಕಸ್ಮಿಕವೆನಿಸುವುದಿಲ್ಲ. ಆಡುಮಾತಿಗೆ ಹತ್ತಿರವಾದ ಈ ಪದ್ಯಗಳನ್ನು ಕಾವ್ಯವೆಂದು ಪರಿಗಣಿಸಲು ಪಂಡಿತರು ಹಿಂಜರಿದಿದ್ದರು.

ಹತ್ತು ವರ್ಷಗಳಲ್ಲಿ 471 ಪದ್ಯಗಳು ಹೆಚ್ಚಿದ್ದು ಹೇಗೆ? ಇನ್ನಷ್ಟು ಹಸ್ತಪ್ರತಿಗಳು ದೊರೆತವು ಎಂಬುದು ನೇರವಾದ ಉತ್ತರ. ಆದರೆ ಈ ಬಗೆಯ ಪದ್ಯದ ರಚನೆಯೇ ಬೆಳವಣಿಗೆಗೆ ಅವಕಾಶ ಕೊಡುವಂಥದು. ವೇಮನನ ಬಹುಪಾಲು ಪದ್ಯಗಳು ಆಟವೆಲದಿಯಲ್ಲಿವೆ: ಮೊದಲೆರಡು ಸಾಲುಗಳಲ್ಲಿ ವಿಚಾರ, ಮೂರನೆಯದರಲ್ಲಿ ಹೋಲಿಕೆ ಅಥವಾ ತೀರ್ಪು, ನಾಲ್ಕನೆಯದರಲ್ಲಿ ಮತ್ತೆ ಮತ್ತೆ ಬರುವ ಮಕುಟ. ಸರ್ವಜ್ಞನದು ತ್ರಿಪದಿ, ಕೊನೆಯಲ್ಲಿ ಅಂಕಿತ. ಎರಡೂ ದೇಶೀ ಛಂದಸ್ಸುಗಳೇ, ಹಾಡಿಗೂ ನೆನಪಿಗೂ ಒಗ್ಗುವಂಥವು. ತ್ರಿಪದಿಯ ಪ್ರಾಚೀನತೆಗೆ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವೇ ಸಾಕ್ಷಿ. ಈ ಚೌಕಟ್ಟು ಕಿವಿಗೆ ಒಗ್ಗಿದವನು ಹೊಸ ಪದ್ಯ ಕಟ್ಟಿ ಹಳೆಯ ಹೆಸರು ಹಾಕುವುದು ಕಷ್ಟವೇನಲ್ಲ. ಹಾಗೆ ಹಾಕಿದವನನ್ನು ಕೃತಿಚೋರನೆನ್ನುವುದು ಅಸಂಗತ. ಅವನು ಕದಿಯುತ್ತಿಲ್ಲ, ತನ್ನದನ್ನು ಬೇರೊಬ್ಬನ ಹೆಸರಿಗೆ ಬರೆದುಕೊಡುತ್ತಿದ್ದಾನೆ. ಜನಬಳಕೆಯಲ್ಲಿ ಅಂಕಿತವು ಕರ್ತೃತ್ವದ ದಾಖಲೆಗಿಂತ ಮಿಗಿಲಾಗಿ ‘ಈ ಮಾತನ್ನು ನಂಬಬಹುದು’ ಎಂಬ ಮುದ್ರೆ.

ಮುದ್ರಣವು ಈ ಮುದ್ರೆಯನ್ನು ಒಡೆತನದ ಪತ್ರವಾಗಿ ಓದಿತು. ನೈಜ, ಪ್ರಕ್ಷಿಪ್ತ ಎಂಬ ವಿಂಗಡಣೆ ಅನಿವಾರ್ಯವಾಯಿತು. ಗ್ರಂಥಸಂಪಾದನೆಗೆ ಅದು ಅಗತ್ಯವೆಂಬುದು ನಿಜ. ಆದರೆ ಜನರು ಒಂದು ನುಡಿಯನ್ನು ಯಾರಿಗೆ, ಯಾವಾಗ, ಏಕೆ ಹೇಳುತ್ತಿದ್ದರು ಎಂಬ ಬಳಕೆಯ ಚರಿತ್ರೆ ಆ ವಿಂಗಡಣೆಯಲ್ಲಿ ಕಳೆದುಹೋಯಿತು. ಸರ್ವಜ್ಞ ‘ಕನ್ನಡದ ವೇಮನ’ನಾದ, ವೇಮನ ‘ತೆಲುಗಿನ ಸರ್ವಜ್ಞ’ನಾದ. ಹೋಲಿಕೆಯಂತೆ ಕಾಣುವ ಈ ಬಿರುದುಗಳು ಬೇಲಿ ಹಾಕಿದ ಮೇಲೆ ಅದರಾಚೆಗೆ ಇಣುಕುವ ಕ್ರಮವಷ್ಟೇ.

ಬೇರೊಂದು ಸಾಧ್ಯತೆಗೆ ಗಡಿನಾಡಿನಲ್ಲಿಯೇ ನಿದರ್ಶನವಿದೆ. 1893ರಲ್ಲಿ ಅನಂತಪುರ ಜಿಲ್ಲೆಯಲ್ಲಿ ಹುಟ್ಟಿದ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು ದಶಕಗಳ ಕಾಲ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಬೋಧಿಸಿದರು, ಕನ್ನಡದಲ್ಲಿಯೂ ಬರೆದರು. ವೇಮನನನ್ನು ಕುರಿತು ಅವರು 1928ರಲ್ಲಿ ಅನಂತಪುರದಲ್ಲಿ ನೀಡಿದ ಉಪನ್ಯಾಸಗಳು ಅವನಿಗೆ ವಿದ್ವತ್ ವಲಯದಲ್ಲಿ ಕವಿಯ ಸ್ಥಾನವನ್ನು ದೊರಕಿಸಿಕೊಟ್ಟವು. ಪಂಡಿತರು ಕಡೆಗಣಿಸಿದ್ದ ಆಡುಮಾತಿನ ಕವಿಗೆ ನ್ಯಾಯ ಒದಗಿಸಿದವರು ಎರಡು ಭಾಷೆಗಳ ನಡುವೆ ಬದುಕು ನಡೆಸಿದ ವಿದ್ವಾಂಸರು ಎಂಬುದು ನಮಗೆ ಮುಖ್ಯ.

ದುಬುವಾ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದವರಲ್ಲಿ ಇಬ್ಬರು ಮತ್ತೆ ಒಟ್ಟಾಗಿ ಸುದ್ದಿಯಾದದ್ದು 2009ರಲ್ಲಿ. ಆ ವರ್ಷದ ಆಗಸ್ಟ್ 9ರಂದು ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯೂ 13ರಂದು ಚೆನ್ನೈನ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡವು. ಬೆಂಗಳೂರಿನ ಪ್ರತಿಮೆ ಅದಕ್ಕೆ ಮೊದಲು ಹದಿನೆಂಟು ವರ್ಷ ಮುಸುಕು ಹಾಕಿಕೊಂಡು ನಿಂತಿತ್ತು. ಸೌಹಾರ್ದದ ನಡೆಯಾಗಿ ಅದು ಸ್ವಾಗತಾರ್ಹವೇ. ಆದರೂ ಪರವಾನಗಿ ಕೇಳದೆ ಶತಮಾನಗಳ ಕಾಲ ನಾಡಿನಿಂದ ನಾಡಿಗೆ ನಡೆದಾಡಿದ ಮಾತುಗಳ ಒಡೆಯರು, ಕಲ್ಲು ಕಂಚುಗಳ ರೂಪದಲ್ಲಿ ಗಡಿ ದಾಟಲು ಎರಡು ಸರ್ಕಾರಗಳ ಒಪ್ಪಂದಕ್ಕೆ ಕಾಯಬೇಕಾಯಿತು. ಇಂಥದೊಂದು ಪ್ರಸಂಗ ಸರ್ವಜ್ಞನಿಗೆ ಸಿಕ್ಕಿದ್ದರೆ ಮೂರು ಸಾಲು ಧಾರಾಳವಾಗಿ ಸಾಕಾಗುತ್ತಿದ್ದವು.

ಗಡಿನಾಡಿನ ಸಂಶೋಧನೆಗೆ ಇದರಿಂದ ಒದಗುವ ಕರ್ತವ್ಯ ಸ್ಪಷ್ಟವಾಗಿದೆ. ಅಧಿಕೃತ ಪಾಠಗಳ ಪಟ್ಟಿಗೆ ಇನ್ನೊಂದನ್ನು ಸೇರಿಸುವುದಕ್ಕಿಂತ ಬಳಕೆಯನ್ನು ದಾಖಲಿಸುವುದು ತುರ್ತಿನ ಕೆಲಸ: ಆದೋನಿಯ ಸಂತೆಯಲ್ಲಿ, ರಾಯದುರ್ಗದ ನ್ಯಾಯಪಂಚಾಯಿತಿಯಲ್ಲಿ, ಮಡಕಶಿರಾದ ಮದುವೆಯ ಮಾತುಕತೆಯಲ್ಲಿ ಯಾವ ನುಡಿಯನ್ನು ಯಾರು ಯಾರಿಗೆ ಹೇಳಿದರು, ಯಾವ ಭಾಷೆಯಲ್ಲಿ ಆರಂಭಿಸಿ ಯಾವುದರಲ್ಲಿ ಮುಗಿಸಿದರು, ಯಾರ ಹೆಸರು ಹಾಕಿದರು ಎಂಬುದನ್ನು ಬರೆದಿಡಬೇಕು. ಕನ್ನಡದ ಮಾತಿಗೆ ವೇಮನನ ಹೆಸರೂ ತೆಲುಗಿನ ಮಾತಿಗೆ ಸರ್ವಜ್ಞನ ಹೆಸರೂ ಸೇರಿಬಂದರೆ, ಅದನ್ನು ತಿದ್ದಬೇಕಾದ ಪ್ರಮಾದವೆನ್ನದೆ ಸಾಕ್ಷ್ಯವೆಂದು ಉಳಿಸಿಕೊಳ್ಳಬೇಕು. ಎರಡೂ ಭಾಷೆಗಳ ರಾಜಧಾನಿಗಳಿಂದ ನೋಡುವವರಿಗೆ ಗಡಿ ನುಣ್ಣಗೆ ಎಳೆದ ಗೆರೆಯಾಗಿ ಕಂಡೀತು. ಅದರ ಮೇಲೆಯೇ ಬದುಕುವವರ ಮಾತಿನಲ್ಲಿ ಅದರ ಏರಿಳಿತಗಳೆಲ್ಲ ಉಳಿದಿವೆ.