ಮೂಲಪ್ರಮಾಣವೂ ಸಂಶೋಧನ ಲೇಖನವೂ

ಕೋಲಾಚಲ ಮಲ್ಲಿನಾಥಸೂರಿಯು ಮಹಾಕಾವ್ಯಗಳಿಗೆ ವ್ಯಾಖ್ಯಾನವನ್ನು ಬರೆಯಲುದ್ಯುಕ್ತನಾದಾಗ, ಮೂಲವಿಲ್ಲದುದನ್ನು ಬರೆಯುವದಿಲ್ಲವೆಂದೂ ಬೇಡವಾದುದನ್ನು ನುಡಿಯುವದಿಲ್ಲವೆಂದೂ ಪ್ರತಿಜ್ಞೆಗೈದನು. ಇಂದು ಪಿಎಚ್.ಡಿ. ಪದವಿಗಾಗಿ ಮಹಾಪ್ರಬಂಧವನ್ನು ರಚಿಸುವ ತರುಣರಿಗೆ ಇದಕ್ಕಿಂತ ಮಿಗಿಲಾದ ಲೇಖನೋಪದೇಶವು ದೊರೆಯಲಾರದು.

ಧಾರವಾಡ ಸೀಮೆಯಲ್ಲಿ ಈ ನಿಯಮವು ಬಹುಕಾಲದಿಂದ ನಡೆದುಬಂದಿರುವದು. 1882ರಲ್ಲಿ ಫ್ಲೀಟ್ ಸಾಹೇಬರು ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳನ್ನಾಳಿದ ರಾಜವಂಶಗಳ ಚರಿತ್ರೆಯನ್ನು ಶಾಸನಗಳ ಆಧಾರದಿಂದ ಪ್ರಕಟಿಸಿದರು. 1890ರಲ್ಲಿ ವಿದ್ಯಾವರ್ಧಕ ಸಂಘವೂ, 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆಯೂ, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೂ ಸ್ಥಾಪಿತವಾದವು. ಮುಂದೆ ಡಾ. ಎಂ. ಎಂ. ಕಲಬುರ್ಗಿಯವರು ‘ಕನ್ನಡ ಸಂಶೋಧನ ಶಾಸ್ತ್ರ’ವೆಂಬ ಗ್ರಂಥವನ್ನೇ ರಚಿಸಿ, ಸಂಶೋಧನೆಗೂ ಒಂದು ಶಾಸ್ತ್ರಮರ್ಯಾದೆಯುಂಟೆಂಬುದನ್ನು ತೋರಿಸಿಕೊಟ್ಟರು.

ಪ್ರಮಾಣದ ಬೆಲೆ ಎಷ್ಟೆಂಬುದಕ್ಕೆ ಸಮೀಪದ ನಿದರ್ಶನವೊಂದುಂಟು. ಮೊರಬವಿರುವ ನವಲಗುಂದ ತಾಲೂಕಿಗೇ ಮುಂಚೆ ಸೇರಿದ್ದ ಅಣ್ಣಿಗೇರಿಯನ್ನು ಆದಿಕವಿ ಪಂಪನ ಜನ್ಮಸ್ಥಳವೆಂದು ಜನರು ಅಭಿಮಾನದಿಂದ ಹೇಳುವರು. ಪಂಪನಾದರೋ ತನ್ನ ಪೂರ್ವಿಕರನ್ನು ವೆಂಗಿಮಂಡಲದವರೆಂದು ಹೇಳಿಕೊಂಡಿರುವನು. ಅಣ್ಣಿಗೇರಿಯ ಹೆಸರು ಕಾಣಿಸುವದು ಈಗಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮನಾದ ಜಿನವಲ್ಲಭನು ಕೆತ್ತಿಸಿದ ಶಾಸನದಲ್ಲಿ. ಅದರಲ್ಲಿ ತಾಯಿಯಾದ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಉಕ್ತವಾಗಿದೆ. ತಾಯಿಯ ಮನೆತನದ ಊರು ಅಣ್ಣಿಗೇರಿಯೆಂಬುದು ಶಾಸನದ ಮಾತು. ಪಂಪನು ಅಲ್ಲಿಯೇ ಜನಿಸಿದನೆಂಬುದು ಅದರಿಂದ ವಿದ್ವಾಂಸರು ಮಾಡಿದ ಅನುಮಾನ. ಪ್ರತ್ಯಕ್ಷಕ್ಕೂ ಅನುಮಾನಕ್ಕೂ ನಡುವಿನ ಈ ಗೆರೆಯನ್ನು ಅಳಿಸದೆ ಬರೆಯಬಲ್ಲವನೇ ಸಂಶೋಧಕನು.

2022ನೆಯ ಇಸವಿಯ ನವೆಂಬರದಲ್ಲಿ ಚಾಟ್‌ಜಿಪಿಟಿಯು ಪ್ರಕಟವಾದಂದಿನಿಂದ ಈ ಗೆರೆಗೆ ಹೊಸ ಅಪಾಯವು ಒದಗಿದೆ. ಇಂಥ ಯಂತ್ರವು ಯಾವ ಶಬ್ದದ ಹಿಂದೆ ಯಾವ ಶಬ್ದವು ಬರುವದು ಸಹಜವೆಂಬುದನ್ನು ಎಣಿಸಿ ವಾಕ್ಯವನ್ನು ಹೆಣೆಯುವದು; ಆದುದರಿಂದ ಶಾಸನದ ಮಾತನ್ನೂ ಊಹೆಯನ್ನೂ ಒಂದೇ ನಿರರ್ಗಳ ಧಾಟಿಯಲ್ಲಿ ಉಸುರಬಲ್ಲದು. ಇಲ್ಲದ ಗ್ರಂಥಗಳನ್ನೂ ಅದು ಆಧಾರವಾಗಿ ಹೆಸರಿಸುವದುಂಟು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಯಂತ್ರವು ಕಲ್ಪಿಸಿದ ತೀರ್ಪುಗಳನ್ನು ನಿಜವೆಂದು ನ್ಯಾಯಾಲಯದ ಮುಂದಿಟ್ಟು 5,000 ಡಾಲರು ದಂಡಕ್ಕೆ ಗುರಿಯಾದರು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳು ಕೃತಿಚೌರ್ಯವನ್ನು ಶೇಕಡಾವಾರು ಅಳೆದು, ಸಾಮ್ಯವು 60ನ್ನು ಮೀರಿದರೆ ನೋಂದಣಿಯನ್ನೇ ರದ್ದುಪಡಿಸುವವು. ಆದರೆ ಶಬ್ದಸಾಮ್ಯವನ್ನು ಅಳೆಯುವ ಈ ಕೋಲು, ಹೊಸ ಶಬ್ದಗಳಲ್ಲಿ ಹುಟ್ಟಿದ ಮೂಲವಿಲ್ಲದ ಮಾತನ್ನು ಹೇಗೆ ಅಳೆದೀತು?

ಹಾಗೆಂದು ಯಂತ್ರವು ಸರ್ವಥಾ ತ್ಯಾಜ್ಯವೆನ್ನಲಾಗದು. ಮೊರಬದಂಥ ಗ್ರಾಮಗಳ ಕನ್ನಡ ಶಾಲೆಯಲ್ಲಿ ಕಲಿತು ಇಂಗ್ಲಿಷಿನಲ್ಲಿ ಪ್ರಬಂಧವನ್ನೊಪ್ಪಿಸಬೇಕಾದ ವಿದ್ಯಾರ್ಥಿಗೆ ವ್ಯಾಕರಣವನ್ನು ತಿದ್ದಿಕೊಡುವ ನೆರವು ಸಣ್ಣದಲ್ಲ. ಪಟ್ಟಣದ ಶಾಲೆಗಳಲ್ಲಿ ಕಲಿತವರಿಗೆ ಈ ಸೌಕರ್ಯವು ಮೊದಲಿನಿಂದಲೂ ಬೇರೆ ರೂಪದಲ್ಲಿ ಇದ್ದೇ ಇತ್ತು. ಭಾಷೆಯನ್ನು ತಿದ್ದಿಸಿಕೊಳ್ಳಲಿ, ವಿಚಾರವನ್ನು ಮಾತ್ರ ಎರವು ತರಬಾರದು.

ವಿಚಾರವನ್ನು ಕಟ್ಟುವ ಬಗೆಯನ್ನು ಮೀಮಾಂಸಕರು ಅಧಿಕರಣದ ಐದು ಅಂಗಗಳಲ್ಲಿ ಹೇಳಿರುವರು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಸಂಶೋಧಕನು ಮೊದಲು ಮೂಲವನ್ನು ತಾನೇ ಓದಿ ಟಿಪ್ಪಣಿಯನ್ನು ಮಾಡಿಕೊಳ್ಳಬೇಕು. ತನ್ನ ಸಂಶಯವೇನೆಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ಎದುರಾಳಿಯ ಮತವನ್ನು ಅವನೇ ಒಪ್ಪುವಂತೆ ಪ್ರಾಮಾಣಿಕವಾಗಿ ನಿರೂಪಿಸಿ, ಅನಂತರ ತನ್ನ ಸಿದ್ಧಾಂತವನ್ನು ಸ್ಥಾಪಿಸಿ, ಹಿಂದುಮುಂದಿನ ಅಧ್ಯಾಯಗಳೊಡನೆ ಸಂಗತಿಯನ್ನು ಹೊಂದಿಸಬೇಕು. ಮೊದಲ ಕರಡು ತನ್ನ ಕೈಯದೇ ಆಗಿರಲಿ. ಯಂತ್ರವು ಸೂಚಿಸಿದ ಪ್ರತಿಯೊಂದು ಆಧಾರವನ್ನೂ ಪುಟ ತೆರೆದು ನೋಡಲಿ; ಪಡೆದ ನೆರವನ್ನು ಮರೆಮಾಚದೆ ತಿಳಿಸಲಿ.

ಪದವಿಯು ದೊರೆತ ಮೇಲೂ ಪ್ರಬಂಧವು ಶೋಧಗಂಗಾ ಭಂಡಾರದಲ್ಲಿ ಉಳಿಯುವದು. ಮುಂದಿನವರು ಅದನ್ನು ನಂಬಿ ಬರೆಯುವರು. ಒಂದು ಸುಳ್ಳು ಆಧಾರವು ಅಲ್ಲಿ ಸೇರಿದರೆ ನಾಳೆ ಅದೇ ಪ್ರಮಾಣವಾಗಿ ನಿಲ್ಲುವದು. ಜಿನವಲ್ಲಭನು ಬಂಡೆಯ ಮೇಲೆ ಕೆತ್ತಿಸಿದ ಒಂದು ಮಾತು ಸಾವಿರ ವರ್ಷಗಳ ತರುವಾಯವೂ ವಿದ್ವಾಂಸರಿಗೆ ಆಸರೆಯಾಯಿತು. ಇಂದಿನ ಸಂಶೋಧಕರ ಮಾತೂ ಅಂಥ ಆಸರೆಯಾಗಬೇಕಾದರೆ ಅದಕ್ಕೆ ಮೂಲವಿರಬೇಕು.