ಗಣಕದ ಪೆಟ್ಟಿಗೆ ಬಿಚ್ಚಿದವರ ಕಥೆ: ತಪ್ಪುಗಳಿಗೂ ಒಂದು ಇತಿಹಾಸವಿದೆ!



ಇತಿಹಾಸ ಅಂದರೆ ರಾಜರು, ಯುದ್ಧಗಳು, ಇಸವಿಗಳು, ಅಷ್ಟೇ ಎಂದು ನಮ್ಮ ಮಕ್ಕಳು ತಿಳಿದುಕೊಂಡಿದ್ದಾರೆ. ಮನೆಯ ಮೂಲೆಯಲ್ಲಿ ಧೂಳು ಹಿಡಿದು ಕೂತ ಹಳೆಯ ಕಂಪ್ಯೂಟರಿಗೂ ಒಂದು ಇತಿಹಾಸವಿದೆ. ಅದರಲ್ಲಿ ಅರ್ಧ ಭಾಗ ಸಾಧನೆ, ಉಳಿದರ್ಧ ಪೇಚಾಟ. ಸಾಧನೆಯ ಭಾಗವನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಪೇಚಾಟದ ಭಾಗವನ್ನು ಯಾರೂ ಹೇಳುವುದಿಲ್ಲ. ಆ ಕಥೆಯನ್ನು ಇಲ್ಲಿ ನೋಡೋಣ.

ಶುರುವಾದದ್ದೇ ಖಾಲಿ ಡಬ್ಬಿಯಿಂದ!

ಮನೆಯಲ್ಲೇ ಕೂತು ಜೋಡಿಸಿಕೊಳ್ಳಬಹುದಾದ ಕಂಪ್ಯೂಟರುಗಳಲ್ಲಿ ಮೊದಲು ಹೆಸರು ಮಾಡಿದ್ದು ಅಮೆರಿಕದ ಆಲ್ಟೇರ್ 8800. 1975ರ ಜನವರಿಯಲ್ಲಿ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಮುಖಪುಟದಲ್ಲಿ ಅದರ ಚಿತ್ರ ಬಂತು. ಬಿಡಿಭಾಗಗಳ ಕಿಟ್ಟಿನ ಬೆಲೆ 400 ಡಾಲರಿಗೂ ತುಸು ಕಡಿಮೆ. ಜನ ಮುಗಿಬಿದ್ದರು. ಆದರೆ ಒಂದು ತಮಾಷೆ ಕೇಳಿ. ಪತ್ರಿಕೆಗೆ ಕಳಿಸಿದ್ದ ಅಸಲಿ ಯಂತ್ರ ದಾರಿಯಲ್ಲೇ ಕಳೆದುಹೋಗಿತ್ತು! ಮುಖಪುಟದಲ್ಲಿ ಅಚ್ಚಾದದ್ದು ಒಳಗೆ ಏನೂ ಇಲ್ಲದ, ಮುಂದೆ ದೀಪಗಳನ್ನು ಜೋಡಿಸಿದ ಬರೀ ಪೆಟ್ಟಿಗೆ. ಮನೆ ಕಂಪ್ಯೂಟರಿನ ಇತಿಹಾಸದ ಮೊದಲ ಪುಟವೇ ಹೀಗೆ.

ಐದು ವರ್ಷದ ನಂತರ, 1980ರಲ್ಲಿ, ಆಪಲ್ ಕಂಪೆನಿ 'ಆಪಲ್ 3' ಎಂಬ ಯಂತ್ರ ತಂದಿತು. ಸದ್ದು ಆಗಬಾರದೆಂದು ಅದಕ್ಕೆ ಫ್ಯಾನೇ ಇಡಲಿಲ್ಲ. ಒಳಗೆ ಬಿಸಿಯಾಗಿ ಚಿಪ್ಪುಗಳು ತಮ್ಮ ಗೂಡಿನಿಂದ ನಿಧಾನವಾಗಿ ಮೇಲೆದ್ದು ಬರುತ್ತಿದ್ದವು. ಅದಕ್ಕೆ ಕಂಪೆನಿ ಕಡೆಯವರು ಹೇಳಿದ ಪರಿಹಾರವೇನು ಗೊತ್ತೇ? ಯಂತ್ರವನ್ನು ಮೇಜಿನಿಂದ ಕೆಲವು ಅಂಗುಲ ಎತ್ತಿ ಧಡಕ್ಕನೆ ಬಿಡಿ, ಚಿಪ್ಪು ಮತ್ತೆ ಕೂರುತ್ತದೆ! ನಮ್ಮೂರಲ್ಲಿ ಹಳೆಯ ಟಿ.ವಿ.ಯ ತಲೆಗೆ ಬಡಿದು ಚಿತ್ರ ಬರಿಸುತ್ತಿದ್ದವರನ್ನು ನೋಡಿ ನಗುವವರು ಇದನ್ನು ನೆನಪಿಡಬೇಕು.

ಎಸ್.ಪಿ. ರೋಡಿನಿಂದ ಅತ್ತಿಬೆಲೆ ದಾಟಿ

ನಮ್ಮ ದೇಶದಲ್ಲಿ 1984ರ ನವೆಂಬರಿನಲ್ಲಿ ಬಂದ ಹೊಸ ಕಂಪ್ಯೂಟರ್ ನೀತಿಯಿಂದ ಆಮದು ಸುಂಕ ಇಳಿಯಿತು. ಆದರೂ ಕಂಪ್ಯೂಟರು ಸಾಮಾನ್ಯರ ಮನೆಗೆ ಬರಲು ತೊಂಬತ್ತರ ದಶಕದ ಕೊನೆಯೇ ಆಗಬೇಕಾಯಿತು. ಕಂಪೆನಿ ಕಂಪ್ಯೂಟರು ದುಬಾರಿ. ಬಿಡಿಭಾಗ ಕೊಂಡು ಜೋಡಿಸಿದರೆ ಅಗ್ಗ. ಇದನ್ನೇ ಜನ 'ಅಸೆಂಬಲ್ ಮಾಡಿದ್ದು' ಎಂದು ಕರೆದರು. ಹೊಸೂರು, ಮೂಕಂಡಪಲ್ಲಿ, ಬಾಗಲೂರು ಕಡೆಯವರಿಗೆ ಚೆನ್ನೈನ ರಿಚಿ ಸ್ಟ್ರೀಟ್ ದೂರ. ಬೆಂಗಳೂರಿನ ಎಸ್.ಪಿ. ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ, ಸುಮಾರು ನಲವತ್ತು ಕಿಲೋಮೀಟರು. ಬೆಳಿಗ್ಗೆ ಬಸ್ಸು ಹತ್ತಿ ಅತ್ತಿಬೆಲೆ ದಾಟಿದರೆ ಸಂಜೆಗೆ ಮದರ್‌ಬೋರ್ಡು, ರ‍್ಯಾಮ್, ಕ್ಯಾಬಿನೆಟ್ಟಿನೊಂದಿಗೆ ವಾಪಸ್ಸು ಬರಬಹುದಿತ್ತು.

ಭಾಗಗಳು ಬಂದವು ಸರಿ, ಜೋಡಿಸುವುದು ಹೇಗೆ? ಜೊತೆಗೆ ಬಂದ ಪುಸ್ತಕ ಇಂಗ್ಲಿಷಿನಲ್ಲಿ. ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ಕನ್ನಡವೋ ತೆಲುಗೋ, ಬೀದಿಯಲ್ಲಿ ತಮಿಳು ಆಡುವ ನಮ್ಮ ಹುಡುಗರು ಕೈಯಂದಾಜಿನಲ್ಲೇ ಜೋಡಿಸಿದರು. ಅಲ್ಲಿಂದ ಶುರು ಪೇಚಾಟ.

ಕೆಂಪು ಸ್ವಿಚ್ಚಿನ ಮಹಿಮೆ

ಆ ಕಾಲದ ಪೆಟ್ಟಿಗೆಯ ಹಿಂಭಾಗದಲ್ಲಿ, ಎಸ್.ಎಂ.ಪಿ.ಎಸ್. ಮೇಲೆ, ಒಂದು ಚಿಕ್ಕ ಕೆಂಪು ಸ್ವಿಚ್ಚು ಇರುತ್ತಿತ್ತು. ಒಂದು ಕಡೆ 115, ಇನ್ನೊಂದು ಕಡೆ 230. ಅಮೆರಿಕದ ಮನೆಗಳಲ್ಲಿ ವಿದ್ಯುತ್ತು 120 ವೋಲ್ಟಿನ ಆಸುಪಾಸು, ನಮ್ಮಲ್ಲಿ 230. ಮಕ್ಕಳು ಆಟಕ್ಕೆಂದು ಸ್ವಿಚ್ಚನ್ನು 115ರ ಕಡೆ ತಳ್ಳಿದರೆ ಮುಗಿಯಿತು. 'ಢಂ' ಎಂಬ ಸದ್ದು, ಹೊಗೆ, ವಾಸನೆ!

ಕಾರಣ ವಿಜ್ಞಾನ ಪಾಠಕ್ಕೆ ಒಳ್ಳೆಯ ಉದಾಹರಣೆ. 230 ವೋಲ್ಟ್ ಎ.ಸಿ. ವಿದ್ಯುತ್ತಿನ ಶಿಖರ ಬೆಲೆ ಸುಮಾರು 325 ವೋಲ್ಟ್. ಸ್ವಿಚ್ಚು 230ರಲ್ಲಿದ್ದರೆ ಒಳಗಿನ ಎರಡು ಕೆಪಾಸಿಟರುಗಳು ಇದನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ. 115ಕ್ಕೆ ತಳ್ಳಿದರೆ ಮಂಡಲವು ವೋಲ್ಟೇಜನ್ನು ಇಮ್ಮಡಿ ಮಾಡುತ್ತದೆ, ಒಂದೊಂದು ಕೆಪಾಸಿಟರಿಗೂ 325 ವೋಲ್ಟ್ ಬೀಳುತ್ತದೆ. ಸಾಮಾನ್ಯವಾಗಿ 200 ವೋಲ್ಟಿಗೆ ತಯಾರಾದ ಅವು ತಡೆದಾವೇ? ಮುಂದೆ ಯಾವ ವೋಲ್ಟೇಜು ಬಂದರೂ ತಾನೇ ಹೊಂದಿಕೊಳ್ಳುವ ಎಸ್.ಎಂ.ಪಿ.ಎಸ್. ಬಂತು. ಸ್ವಿಚ್ಚೇ ಮಾಯವಾಯಿತು.

ಇನ್ನೊಂದು ಆಪತ್ತು ಹಳೆಯ ಎ.ಟಿ. ಮಾದರಿಯಲ್ಲಿತ್ತು. ಮದರ್‌ಬೋರ್ಡಿಗೆ ವಿದ್ಯುತ್ತು ಕೊಡುವ ಕನೆಕ್ಟರು ಎರಡು ತುಂಡಾಗಿ ಬರುತ್ತಿತ್ತು. ಎರಡರ ಕಪ್ಪು ವೈರುಗಳೂ ಮಧ್ಯದಲ್ಲಿ ಒಟ್ಟಿಗೆ ಬರಬೇಕು. ಅದಲುಬದಲಾದರೆ ಬೋರ್ಡು ಸುಟ್ಟಿತು. 'ಕಪ್ಪಿಗೆ ಕಪ್ಪು' ಎಂಬುದು ಮೆಕ್ಯಾನಿಕ್ಕುಗಳ ಬಾಯಿಪಾಠವಾಗಿತ್ತು. 1995ರಲ್ಲಿ ಇಂಟೆಲ್ ಎ.ಟಿ.ಎಕ್ಸ್. ಮಾದರಿ ತಂದಿತು. ಒಂದೇ ಕನೆಕ್ಟರು, ತಿರುಗಿಸಿ ಹಾಕಲು ಹೋದರೆ ಕೂರುವುದೇ ಇಲ್ಲ. ಫ್ಲಾಪಿ ಡ್ರೈವಿನ ಪಟ್ಟಿಯಂಥ ಕೇಬಲ್ಲನ್ನು ತಲೆಕೆಳಗು ಹಾಕಿದವರಿಗೆ ಮಾತ್ರ ದೊಡ್ಡ ಶಿಕ್ಷೆ ಇರಲಿಲ್ಲ. ಡ್ರೈವಿನ ಹಸಿರು ದೀಪ ಆರದೆ ಉರಿಯುತ್ತಾ ಅಣಕಿಸುತ್ತಿತ್ತು, ಅಷ್ಟೇ. ಕೀಲಿಮಣೆ ಮತ್ತು ಮೌಸಿನ ತೂತುಗಳು ಒಂದೇ ಆಕಾರದಲ್ಲಿದ್ದು ಅದಲುಬದಲಾಗುತ್ತಿದ್ದವು. ತೊಂಬತ್ತರ ದಶಕದ ಕೊನೆಗೆ ಕೀಲಿಮಣೆಗೆ ನೇರಳೆ, ಮೌಸಿಗೆ ಹಸಿರು ಬಣ್ಣ ಬಂತು. ಬಣ್ಣಕ್ಕೆ ಭಾಷೆ ಬೇಕಿಲ್ಲ ನೋಡಿ!

ಪ್ರೊಸೆಸರಿನ ಮೇಲಿನ ಫ್ಯಾನು ಸರಿಯಾಗಿ ಕೂರದಿದ್ದರೆ ಚಿಪ್ಪು ಸುಡುತ್ತಿತ್ತು. 2001ರಲ್ಲಿ ಒಂದು ಪರೀಕ್ಷೆಯ ವಿಡಿಯೋ ಜಗತ್ತಿನಾದ್ಯಂತ ಹರಡಿತು. ತಂಪುಮಾಡುವ ಲೋಹದ ಗಟ್ಟಿಯನ್ನು ತೆಗೆದಾಗ ಎ.ಎಂ.ಡಿ. ಕಂಪೆನಿಯ ಅಥ್ಲಾನ್ ಹೊಗೆಯಾಡಿತು, ಇಂಟೆಲಿನ ಪೆಂಟಿಯಂ 4 ತಾನೇ ವೇಗ ಇಳಿಸಿಕೊಂಡು ಬದುಕಿತು. ಬಿಸಿಯೇರಿದರೆ ತಾನೇ ನಿಲ್ಲುವ ವ್ಯವಸ್ಥೆ ಈಗ ಎಲ್ಲ ಪ್ರೊಸೆಸರಿನಲ್ಲೂ ಇದೆ.

ದೊಡ್ಡವರ ತಪ್ಪು, ಚಿಕ್ಕವರಿಗೆ ಬೈಗುಳ

ಎಲ್ಲ ತಪ್ಪೂ ಬಿಚ್ಚಿದವನದ್ದೇ ಆಗಿರಲಿಲ್ಲ. 1994ರಲ್ಲಿ ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಪೆಂಟಿಯಂ ಚಿಪ್ಪು ಭಾಗಾಕಾರವನ್ನೇ ತಪ್ಪು ಮಾಡುತ್ತದೆಂದು ಕಂಡುಹಿಡಿದರು. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕು, ಅದು 1.33374 ಕೊಡುತ್ತಿತ್ತು. (ನಿಮ್ಮ ತರಗತಿಯ ಮಕ್ಕಳಿಂದ ಮಾಡಿಸಿ ನೋಡಿ!) ಇಂಟೆಲಿಗೆ ಆದ ನಷ್ಟ 47.5 ಕೋಟಿ ಡಾಲರು.

1999ರ ಏಪ್ರಿಲ್ 26ರಂದು ಸಿ.ಐ.ಎಚ್. ವೈರಸ್ಸು ಏಷ್ಯಾದ ಲಕ್ಷಾಂತರ ಯಂತ್ರಗಳನ್ನು ಕೆಡವಿತು. 1986ರ ಚೆರ್ನೋಬಿಲ್ ದುರಂತದ ದಿನವೂ ಅದೇ ಆದ್ದರಿಂದ ಅದಕ್ಕೆ ಚೆರ್ನೋಬಿಲ್ ವೈರಸ್ಸು ಎಂಬ ಹೆಸರೂ ಬಂತು. ಅದು ಹಾರ್ಡ್‌ಡಿಸ್ಕಿನ ಮೊದಲ ಭಾಗವನ್ನಲ್ಲದೆ ಮದರ್‌ಬೋರ್ಡಿನ ಬಯಾಸನ್ನೂ ಅಳಿಸಬಲ್ಲದಾಗಿತ್ತು. 1999ರ ನಂತರ ಕೆಲವು ವರ್ಷ ಜಗತ್ತಿನಾದ್ಯಂತ ಮದರ್‌ಬೋರ್ಡುಗಳ ಕೆಪಾಸಿಟರುಗಳು ಪೂರಿಯಂತೆ ಉಬ್ಬಿ ಸೋರತೊಡಗಿದವು. ಒಳಗಿನ ರಾಸಾಯನಿಕ ದ್ರವವೇ ಕಳಪೆಯಾಗಿತ್ತು.

ಆದರೆ ಮನೆಯಲ್ಲಿ ಬೈಗುಳ ಯಾರಿಗೆ? "ನೀನೇ ಕೊನೆಗೆ ಮುಟ್ಟಿದ್ದು!" ಎಂದು ಮಗನಿಗೆ. ದುರಸ್ತಿ ಗೊತ್ತಿದ್ದ ಹುಡುಗ ಬಂದು ರ‍್ಯಾಮನ್ನು ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸುತ್ತಿದ್ದ. ಎಷ್ಟೋ ಸಲ ಅಷ್ಟಕ್ಕೇ ಯಂತ್ರ 'ಬೀಪ್' ಎಂದು ಒಮ್ಮೆ ಕೂಗಿ ಎದ್ದು ಕೂರುತ್ತಿತ್ತು.

ಮಂಗಮಾಯವಾದ ಕನ್ನಡ

ನಮ್ಮ ಶಾಲೆಗಳಿಗೆ ಹೆಚ್ಚು ನೋವು ಕೊಟ್ಟ ಅವಘಡ ಬೇರೆಯದು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಗಡಿಯಾಚೆ ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಅಚ್ಚು ಮಾಡಿಸಲು ಪರದಾಡುತ್ತಿದ್ದವರಿಗೆ ಇವು ವರವೇ ಆದವು. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲೇ ಕನ್ನಡದ ಅಕ್ಷರ, ಒತ್ತು, ಗುಣಿತಗಳ ಚೂರುಗಳನ್ನು ಕೂರಿಸಿದ್ದವು. ಯಂತ್ರ ಕೆಟ್ಟಿತೆಂದು ಮೆಕ್ಯಾನಿಕ್ಕು 'ಫಾರ್ಮ್ಯಾಟ್' ಹೊಡೆದು ವಿಂಡೋಸ್ ಮತ್ತೆ ಹಾಕಿದರೆ ಫಾಂಟು ಹೋಯಿತು. ಕಡತ ಉಳಿಸಿಕೊಂಡಿದ್ದರೂ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಗೀಚು! ಎಷ್ಟೋ ಜನ ಕಡತವೇ ಹಾಳಾಯಿತೆಂದು ಅಳಿಸಿಬಿಟ್ಟರು. ಫಾಂಟು ಹಾಕಿದ್ದರೆ ಎಲ್ಲವೂ ಮರಳಿ ಬರುತ್ತಿತ್ತು.

1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. 2001ರ ವಿಂಡೋಸ್ ಎಕ್ಸ್.ಪಿ.ಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟೂ ಬಂತು. ಆದರೆ ಒಳಗೆಲ್ಲೋ ಒಂದು ಚೌಕಕ್ಕೆ ಗುರುತು ಹಾಕಿ ಸಿ.ಡಿ. ಕೊಟ್ಟರೆ ಮಾತ್ರ ಕನ್ನಡ ಸರಿಯಾಗಿ ಮೂಡುತ್ತಿತ್ತು. ಆ ಸೂಚನೆಯೂ ಇಂಗ್ಲಿಷಿನಲ್ಲೇ. ಹಾಗಾದರೆ ಕಳೆದುಹೋದ ಕಡತಗಳಿಗೆ ಶಿಕ್ಷಕರ ದಡ್ಡತನ ಕಾರಣವೋ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಯಾರೂ ಹೇಳದಿದ್ದದ್ದು ಕಾರಣವೋ?

'ಬಾಕಾ' ಹೋಗಿ 'ಪೋಕಾ' ಆದದ್ದು

ಇಲ್ಲಿ ನಮ್ಮ ಸಿಪ್ಕಾಟ್ ಕಾರ್ಖಾನೆಗಳ ಕೆಲಸಗಾರರಿಗೆ ಗೊತ್ತಿರುವ ಒಂದು ಜಪಾನೀ ಪದ ನೆನಪಾಗುತ್ತದೆ: 'ಪೋಕಾ ಯೋಕೆ'. ತಪ್ಪು ಮಾಡಲು ಸಾಧ್ಯವೇ ಆಗದಂತೆ ಕೆಲಸವನ್ನು ರೂಪಿಸುವುದು ಎಂದರ್ಥ. (ಹೊಸೂರಿನ ಟಿ.ವಿ.ಎಸ್. ಮೋಟಾರ್ 2002ರಲ್ಲಿ ಜಪಾನಿನ ಡೆಮಿಂಗ್ ಪ್ರಶಸ್ತಿ ಪಡೆದದ್ದು ಅನೇಕರಿಗೆ ನೆನಪಿರಬಹುದು.) 1960ರ ದಶಕದಲ್ಲಿ ಇದನ್ನು ಬೆಳೆಸಿದ ಶಿಗಿಯೋ ಶಿಂಗೋ ಮೊದಲು ಬಳಸಿದ ಹೆಸರು 'ಬಾಕಾ ಯೋಕೆ'. ಬಾಕಾ ಅಂದರೆ ದಡ್ಡ. ಅದನ್ನು ಕೇಳಿ ಒಬ್ಬ ಕೆಲಸಗಾರ್ತಿ, ನಾನೇನು ದಡ್ಡಿಯೇ ಎಂದು ಅತ್ತುಬಿಟ್ಟಳಂತೆ. ಶಿಂಗೋ ಹೆಸರು ಬದಲಿಸಿದರು. ಪೋಕಾ ಅಂದರೆ ಕೈತಪ್ಪು. ದಡ್ಡರನ್ನು ತಡೆಯುವುದಲ್ಲ, ಕೈತಪ್ಪನ್ನು ತಡೆಯುವುದು!

ಕಂಪ್ಯೂಟರಿನ ಕನೆಕ್ಟರುಗಳ ಇತಿಹಾಸವೂ ಇದೇ ಅಲ್ಲವೇ? ಸುಟ್ಟುಕೊಂಡವರನ್ನು ದಡ್ಡರೆಂದು ಬಿಟ್ಟಿದ್ದರೆ ಇವತ್ತೂ ಕಪ್ಪಿಗೆ ಕಪ್ಪು ಎಂದು ಬಾಯಿಪಾಠ ಮಾಡುತ್ತಿದ್ದೆವು.

ಆದರೆ ನಮ್ಮ ಶಾಲೆಗಳು ಹಿಡಿದದ್ದು ಬೇರೆ ದಾರಿ. ಚಪ್ಪಲಿ ಬಿಟ್ಟು ಒಳಗೆ ಬಾ, ಮುಟ್ಟಬೇಡ, ಹಾಳಾದೀತು! ಎಷ್ಟೋ ಕಡೆ ಕಂಪ್ಯೂಟರು ಬಟ್ಟೆ ಹೊದ್ದು ಬೀಗದ ಕೋಣೆಯಲ್ಲೇ ಮುಪ್ಪಾಯಿತು. ಮಕ್ಕಳು ತಪ್ಪು ಮಾಡಲಿಲ್ಲ ನಿಜ, ಕಲಿಯಲೂ ಇಲ್ಲ. 2011ರಲ್ಲಿ ತಮಿಳುನಾಡು ಸರ್ಕಾರ ಉಚಿತ ಲ್ಯಾಪ್‌ಟಾಪ್ ಕೊಡತೊಡಗಿದಾಗ ಯಂತ್ರ ಮಕ್ಕಳ ಕೈಗೆ ಬಂತು. ಆದರೆ ಅದನ್ನು ಬಿಚ್ಚಿ ನೋಡುವ ಹಾಗಿರಲಿಲ್ಲ. ಮೊಬೈಲಂತೂ ಅಂಟು ಹಾಕಿ ಮುಚ್ಚಿದ್ದು.

ಆದ್ದರಿಂದ ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಗುಜರಿಗೆ ಹೋಗಬೇಕಾದ ಒಂದು ಹಳೆಯ ಸಿ.ಪಿ.ಯು. ಪೆಟ್ಟಿಗೆಯನ್ನು ತರಗತಿಗೆ ತನ್ನಿ. (ಶಾಲೆಯ ದಾಸ್ತಾನು ಪಟ್ಟಿಯಲ್ಲಿದ್ದರೆ ಮೊದಲು ಮುಖ್ಯೋಪಾಧ್ಯಾಯರ ಅನುಮತಿ ಪಡೆಯಿರಿ.) ವೈರು ಪ್ಲಗ್ಗಿನಲ್ಲಿ ಇರಲೇಬಾರದು. ಹಳೆಯ ಟಿ.ವಿ. ಮಾದರಿಯ ಮಾನಿಟರು ಮತ್ತು ಎಸ್.ಎಂ.ಪಿ.ಎಸ್. ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ, ಕರೆಂಟು ತೆಗೆದ ಮೇಲೂ ಅವುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು. ಉಳಿದದ್ದನ್ನು ಮಕ್ಕಳೇ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಲಿ, ಪ್ರತಿ ಭಾಗದ ಹೆಸರನ್ನೂ ಕೆಲಸವನ್ನೂ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಲಿ, ಮತ್ತೆ ಜೋಡಿಸಲಿ. ಒಂದು ಸ್ಕ್ರೂ ಮಿಕ್ಕರೆ ಮಿಕ್ಕಲಿ! ಅದು ಎಲ್ಲಿಯದೆಂದು ಹುಡುಕುವುದೇ ಅವತ್ತಿನ ಪಾಠ. ಏನಂತೀರಿ?