ಶೋಪಾನ್ ವಾಲ್ಟ್ಸ್: ಎಡಗೈಯಲ್ಲಿದೆ ಲಯದ ಗುಟ್ಟು
ಪೋಲೆಂಡ್ ಸಂಜಾತ ಪಿಯಾನೊ ಸಂಯೋಜಕ ಫ್ರೆಡೆರಿಕ್ ಶೋಪಾನ್ (1810-1849) 1847ರಲ್ಲಿ ಪ್ರಕಟಿಸಿದ 'ಕೃತಿ 64'ರ ಎರಡನೆಯ ವಾಲ್ಟ್ಸ್ ಸಿ-ಶಾರ್ಪ್ ಮೈನರ್‌ನಲ್ಲಿದೆ. ಮೂರು ಮಾತ್ರೆಗಳ ನೃತ್ಯಲಯವಿದ್ದರೂ ಇದು ಕುಣಿತಕ್ಕಲ್ಲ, ಆಲಿಸುವುದಕ್ಕೆ ತಕ್ಕ ರಚನೆ.

ಅಭ್ಯಾಸವನ್ನು ಎಡಗೈಯಿಂದ ಆರಂಭಿಸುವುದು ಲೇಸು. ಮೊದಲ ಮಾತ್ರೆಯ ಮಂದ್ರಸ್ವರಕ್ಕೆ ತೂಕ, ಉಳಿದೆರಡಕ್ಕೆ ಹಗುರ ಸ್ಪರ್ಶ. ಮೂರಕ್ಕೂ ಸಮಾನ ಒತ್ತು ಬಿದ್ದರೆ ವಾಲ್ಟ್ಸ್ ಕವಾಯತಾಗುತ್ತದೆ. ಎಡಗೈಯೇ ವಾದ್ಯವೃಂದದ ನಿರ್ದೇಶಕನೆಂದು ಶೋಪಾನ್ ಬೋಧಿಸುತ್ತಿದ್ದುದನ್ನು ಶಿಷ್ಯರು ದಾಖಲಿಸಿದ್ದಾರೆ. ಬಲಗೈಯ ರಾಗ ತುಸು ಹಿಂದುಮುಂದಾಗಬಹುದು, ಎಡಗೈಯ ಲಯ ಕದಲಬಾರದು. ಈ ಬಗೆಯ ಸಡಿಲಿಕೆಗೆ 'ರುಬಾಟೊ' ಎಂದು ಹೆಸರು.

ನಿಜವಾದ ಪರೀಕ್ಷೆ ಮೂರು ಬಾರಿ ಬರುವ ವೇಗದ ಭಾಗದಲ್ಲಿದೆ. ಅವಸರದ ಬೆರಳುಗಳಿಗೆ ಅದು ಬರಿಯ ಸ್ವರಾಭ್ಯಾಸ. ಆದರೆ ಡಿ-ಫ್ಲ್ಯಾಟ್ ಮೇಜರ್‌ನ ನಿಧಾನಗತಿಯ ಮಧ್ಯಭಾಗವನ್ನು ಕೇಳಿದ ಕಿವಿಗೆ ಅವೇ ಸ್ವರಗಳು ಬೇರೆಯಾಗಿ ತೋರುತ್ತವೆ. ನುಡಿಸುವವರು ಆ ವ್ಯತ್ಯಾಸವನ್ನು ನಾದದಲ್ಲಿ ತರಬೇಕು.